ಒಡ್ಡಿನ ಕೆಳಗಿನ ಮನೆ

"ಗುರುಗಳೇ, ಎಂಥ ಶಿಕ್ಷೆ ಇಟ್ಟರೆ ಜನ ಮಾತು ಕೇಳುತ್ತಾರೆ?"

ಕೇಳಿದವನು ಲಿಯಾಂಗ್. ಎಂಟು ವರ್ಷ ಗುರುಗಳ ಬಳಿ ಓದಿದವನು. ದೊರೆ ಅವನಿಗೆ ದೂರದ ಒಂದು ಊರಿನ ಅಧಿಕಾರ ಕೊಟ್ಟಿದ್ದ. ಹೊರಡುವ ಮುನ್ನ ಅಪ್ಪಣೆ ಪಡೆಯಲು ಬಂದಿದ್ದ. ಆ ಊರಿನ ಬಾವಿಯಲ್ಲಿ ಹೂಳು ತುಂಬಿ ನೀರು ಕೆಟ್ಟಿತ್ತು. ಹೂಳೆತ್ತಲು ಮನೆಗೊಬ್ಬರು ಬನ್ನಿ ಎಂದು ಹಿಂದಿನ ಅಧಿಕಾರಿ ಮೂರು ಸಲ ಡಂಗುರ ಹೊಡೆಸಿದರೂ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ತಾನು ಹಾಗೆ ಬಿಡುವವನಲ್ಲ ಎಂದು ಲಿಯಾಂಗ್ ಮೂವತ್ತೊಂದು ಕಟ್ಟಳೆಗಳನ್ನು ಬಿದಿರಿನ ಪಟ್ಟಿಗಳ ಮೇಲೆ ಬರೆದು ತಂದಿದ್ದ. ಅಕ್ಷರ ಮುದ್ದಾಗಿತ್ತು. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಗುರುಗಳು ಪಟ್ಟಿಗಳನ್ನು ಮುಟ್ಟಲಿಲ್ಲ. ಬಾಗಿಲಾಚೆ ನಿಂತಿದ್ದ ಅವನ ಗಾಡಿಯನ್ನು ನೋಡಿದರು. ಅದರ ತುಂಬ ಬಾಯಿ ಕಟ್ಟಿದ ಗಡಿಗೆಗಳಿದ್ದವು.

"ಅದೇನಪ್ಪಾ, ಎಣ್ಣೆಯೋ?"

"ನೀರು, ಗುರುಗಳೇ. ನಮ್ಮ ಬೆಟ್ಟದ ಒರತೆಯದು. ವಾರಕ್ಕೊಂದು ಗಾಡಿ ಕಳಿಸಲು ಹೇಳಿದ್ದೇನೆ."

"ಒಳ್ಳೆಯದು. ಕೂತುಕೋ" ಎಂದು ಗುರುಗಳು ಕತೆ ಶುರುಮಾಡಿದರು.

ನದಿಯ ಪಕ್ಕದಲ್ಲಿ ಒಂದು ಊರು. ನದಿ ಎತ್ತರದಲ್ಲಿ, ಊರು ತಗ್ಗಿನಲ್ಲಿ. ನಡುವೆ ಇದ್ದದ್ದು ಮಣ್ಣಿನ ಒಡ್ಡು ಮಾತ್ರ. ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಯವರೂ ಐದು ದಿನ ಅದಕ್ಕೆ ಮಣ್ಣು ಹಾಕಬೇಕು. ಊರಿನ ಅಧಿಕಾರಿ ಒಡ್ಡಿನ ಬುಡದಲ್ಲೇ, ಅದು ತೀರ ಬಡವಾಗಿದ್ದ ತಿರುವಿನಲ್ಲಿ, ಮನೆ ಮಾಡಿಕೊಂಡಿರಬೇಕು. ಈ ಪದ್ಧತಿಯನ್ನು ಯಾರು ಶುರುಮಾಡಿದರೋ ಯಾರಿಗೂ ಗೊತ್ತಿರಲಿಲ್ಲ. ಎಲ್ಲೂ ಬರೆದಿಟ್ಟಿರಲೂ ಇಲ್ಲ.

ಅಲ್ಲಿಗೆ ಒಬ್ಬ ಹೊಸ ಅಧಿಕಾರಿ ಬಂದ. ಒಳ್ಳೆಯವನು, ದುಡಿಯುವವನು, ಲಂಚಕ್ಕೆ ಕೈಯೊಡ್ಡದವನು. ಆದರೆ ಮನೆಯ ಗೋಡೆಗಳಲ್ಲಿ ತೇವ, ಅಡಿಗೆಮನೆಯಲ್ಲಿ ಕಪ್ಪೆ. ಮುದಿ ತಾಯಿಗೆ ಕೆಮ್ಮು ಹಿಡಿಯಿತು. ತಾಯಿ ಕೆಮ್ಮುತ್ತಿದ್ದರೆ ಯಾವ ಮಗ ಸುಮ್ಮನಿರುತ್ತಾನೆ? ಗುಡ್ಡದ ಮೇಲೆ ಹೊಸ ಮನೆ ಕಟ್ಟಿಸಿ ಅವಳನ್ನು ಕರೆದುಕೊಂಡು ಹೋದ. 'ಅಲ್ಲಿಂದ ಇಡೀ ಒಡ್ಡು ಕಾಣುತ್ತದೆ, ಉಸ್ತುವಾರಿಗೆ ಅದೇ ಅನುಕೂಲ' ಎಂದೂ ಹೇಳಿದ.

ಆ ವರ್ಷ ಮಣ್ಣು ಹಾಕಲು ಅರ್ಧ ಜನವೂ ಬರಲಿಲ್ಲ. ಬಾರದವರಿಗೆ ಹತ್ತು ಬೆತ್ತದೇಟು ಎಂದು ಅವನು ಕಾನೂನು ಬರೆದ. ಎಲ್ಲರೂ ಬಂದರು. ಆದರೆ ಮಂಕರಿಯ ತಳದಲ್ಲಿ ಹುಲ್ಲು, ಮೇಲೆ ಮಾತ್ರ ಮಣ್ಣು. ಮಂಕರಿ ತಪಾಸಣೆಗೆ ಇನ್ನೊಂದು ಕಾನೂನು ಬಂತು. ಈಗ ತಳದವರೆಗೂ ಮಣ್ಣೇ, ಆದರೆ ಹಾಕಿದ ಮಣ್ಣನ್ನು ಯಾರೂ ತುಳಿದು ಗಟ್ಟಿಮಾಡಲಿಲ್ಲ. ತುಳಿಯಲು ಮತ್ತೊಂದು ಕಾನೂನು. ಮೇಸ್ತ್ರಿ ನೋಡುವಾಗ ಕುಣಿಕುಣಿದು ತುಳಿದರು, ಅವನು ಬೆನ್ನು ತಿರುಗಿಸಿದ ಕೂಡಲೇ ಕೂತರು. ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಅನ್ನುವ ಜನ! ಕಾನೂನುಗಳು ಹತ್ತೊಂಬತ್ತಾದವು. ಒಡ್ಡು ಮಾತ್ರ ವರ್ಷವರ್ಷಕ್ಕೂ ಸೊರಗಿತು.

ಮೂರು ವರ್ಷ ಕಳೆದ ಮೇಲೆ ಮೇಲು ಸೀಮೆಯಲ್ಲಿ ಭಾರಿ ಮಳೆಯಾಗಿ ನದಿ ಉಕ್ಕಿತು. ಮಧ್ಯಾಹ್ನದ ಹೊತ್ತಿಗೆ ನೀರು ಒಡ್ಡಿನ ತಲೆಗೆ ಒಂದು ಮೊಳ ಮಾತ್ರ ಬಾಕಿ. ಅಧಿಕಾರಿ ಗುಡ್ಡ ಇಳಿದು ಓಡಿಬಂದ. ಅರ್ಧ ದಾರಿಯಲ್ಲಿ ಇಡೀ ಊರು ಅವನಿಗೆ ಎದುರಾಯಿತು. ಪಾತ್ರೆ ಪಡಗ, ಅಕ್ಕಿ ಮೂಟೆ, ಕೂಸುಗಳನ್ನು ಹೊತ್ತು ಎಲ್ಲರೂ ಗುಡ್ಡ ಹತ್ತುತ್ತಿದ್ದರು. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ, ಕಂಕುಳಲ್ಲಿ ಕೋಳಿ.

ಅವನು ಕೈ ಅಗಲಿಸಿ ದಾರಿಗೆ ಅಡ್ಡ ನಿಂತ. "ಪ್ರವಾಹದ ಹೊತ್ತಿನಲ್ಲಿ ಒಡ್ಡು ಬಿಟ್ಟು ಹೋದವರಿಗೆ ಐವತ್ತು ಏಟು! ಕಾನೂನು ಗೊತ್ತಿಲ್ಲವೇ?"

"ಗೊತ್ತು ಸ್ವಾಮಿ" ಎಂದಳು ಮುದುಕಿ. "ಆದರೆ ತಾವು ಓದಿದವರು. ಈ ಒಡ್ಡು ನಿಲ್ಲೋದಿಲ್ಲ ಅಂತ ತಮಗೆ ಮೂರು ವರ್ಷದ ಹಿಂದೆಯೇ ಗೊತ್ತಾಯಿತು. ನಮಗೆ ಇವತ್ತು ಗೊತ್ತಾಯಿತು. ಅದಕ್ಕೇ ತಮ್ಮ ಹಿಂದೆ ಬರ್ತಾ ಇದ್ದೇವೆ."

ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವನಿಗೆ ನಾಚಿಕೆಯಾದದ್ದು ಅದಕ್ಕೇ.

ಅವನು ತಿರುಗಿ ಗುಡ್ಡ ಹತ್ತಿದ. ಬೆತ್ತದವರನ್ನು ಕರೆತರುತ್ತಾನೆ ಎಂದುಕೊಂಡು ಜನ ಅಲ್ಲೇ ನಿಂತರು. ಅವನು ಇಳಿದು ಬಂದದ್ದು ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು. ಅವಳ ಕೈಯಲ್ಲಿ ಹಾಸಿಗೆಯ ಸುರುಳಿ, ಅವನ ಕಂಕುಳಲ್ಲಿ ಒಂದು ಗಂಟು. ಯಾರ ಮುಖವನ್ನೂ ನೋಡದೆ ಜನರ ನಡುವೆ ಹಾದುಹೋದ. ಒಡ್ಡಿನ ಬುಡದ ಹಳೆಯ ಮನೆಯ ಬಾಗಿಲು ತೆರೆದು ತಾಯಿಯನ್ನು ಒಳಗೆ ಕೂರಿಸಿದ. ಒಂದು ಮಂಕರಿ ಮಣ್ಣು ತುಂಬಿಕೊಂಡು ಒಬ್ಬನೇ ಒಡ್ಡು ಹತ್ತಿದ.

ಸ್ವಲ್ಪ ಹೊತ್ತಿಗೆ ಆ ಮನೆಯ ಮಾಡಿನಿಂದ ಹೊಗೆ ಎದ್ದಿತು. ಮುದುಕಿ ಗುಡ್ಡದ ಮೇಲಿಂದ ಅದನ್ನು ನೋಡಿದಳು. ಕೋಳಿಯನ್ನು ಕೆಳಗೆ ಬಿಟ್ಟಳು. ಸೆರಗು ಸಿಕ್ಕಿಸಿಕೊಂಡು ಇಳಿಯತೊಡಗಿದಳು. ಅವಳ ಹಿಂದೆ ಇಡೀ ಊರು ಇಳಿಯಿತು. ಅವತ್ತು ಮಂಕರಿಗಳನ್ನು ಯಾರೂ ತಪಾಸಣೆ ಮಾಡಲಿಲ್ಲ, ಒಂದರಲ್ಲೂ ಹುಲ್ಲಿರಲಿಲ್ಲ. ನೀರು ಒಡ್ಡಿನ ತಲೆಗೆ ನಾಲ್ಕು ಬೆರಳು ಬಾಕಿ ಇರುವವರೆಗೆ ಏರಿತು. ಸಂಜೆಯ ಹೊತ್ತಿಗೆ ಇಳಿಮುಖವಾಯಿತು.

ಗುರುಗಳು ನಿಲ್ಲಿಸಿದರು.

"ಆ ಹತ್ತೊಂಬತ್ತು ಕಾನೂನುಗಳು ಏನಾದವು, ಗುರುಗಳೇ?" ಎಂದು ಲಿಯಾಂಗ್ ಕೇಳಿದ.

"ಗಂಟಿನಲ್ಲಿ ಇದ್ದದ್ದು ಅವೇ. ಸೌದೆ ಒದ್ದೆಯಾಗಿತ್ತಲ್ಲ, ತಾಯಿ ಅವನ್ನೇ ಒಲೆಗೆ ಹಾಕಿದಳು. ಒಣ ಬಿದಿರು, ಚೆನ್ನಾಗಿ ಉರಿಯಿತು."

ಲಿಯಾಂಗ್ ಮನಸಾರೆ ನಕ್ಕ. ತನ್ನ ಮೂವತ್ತೊಂದು ಪಟ್ಟಿಗಳನ್ನು ಗುರುಗಳ ಒಲೆಯ ಪಕ್ಕಕ್ಕೆ ತಾನೇ ಸರಿಸಿದ. ಇಷ್ಟು ಬೇಗ ಅರ್ಥವಾಯಿತಲ್ಲ ಎಂದು ಅವನಿಗೆ ಖುಷಿಯಾಗಿತ್ತು. "ತಿಳಿಯಿತು, ಗುರುಗಳೇ. ನಾನು ಗುಡ್ಡದ ಮೇಲೆ ಇರುವುದಿಲ್ಲ. ಊರ ನಡುವೆ, ಬಾವಿಯ ಎದುರಿಗೇ ಮನೆ ಮಾಡುತ್ತೇನೆ." ನಮಸ್ಕರಿಸಿ ಎದ್ದ. ಹೊರಗೆ ಹೋಗಿ ಗಾಡಿಯ ಗಡಿಗೆಗಳನ್ನು ಒಮ್ಮೆ ಮುಟ್ಟಿ ನೋಡಿ, ಸಡಿಲವಾಗಿದ್ದ ಹಗ್ಗವನ್ನು ಬಿಗಿಮಾಡತೊಡಗಿದ.

ಗುರುಗಳು ಹೊಸ್ತಿಲಿಗೆ ಬಂದು ನಿಂತು ಕೇಳಿದರು: "ಲಿಯಾಂಗ್, ಆ ಊರಿನವರು ಯಾವ ನೀರು ಕುಡಿಯುತ್ತಾರೆ?"

ಹಗ್ಗದ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು.