ನೀರು ಹಾಕದ ಇಪ್ಪತ್ತು ದಿನ

"ಗುರುಗಳೇ, ನನ್ನ ತಮ್ಮ ಹೊಸದಾಗಿ ಮಗ್ಗಕ್ಕೆ ಕೂತಿದ್ದಾನೆ. ದಿನಕ್ಕೆ ಮೂರು ಸಲ ಹೋಗಿ ತಿದ್ದಿ ಬರುತ್ತೇನೆ. ಆದರೂ ಅವನ ಕೈ ಕುದುರುತ್ತಿಲ್ಲ. ಇನ್ನೂ ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

"ಇನ್ನೂ ಮಾಡಬೇಕಾ? ಮಾಡಿದ್ದು ಸಾಲದೇನಯ್ಯಾ? ಕೂತುಕೋ" ಎಂದು ಗದರಿ ಗುರುಗಳು ಹೇಳತೊಡಗಿದರು.

ಒಬ್ಬ ವ್ಯಾಪಾರಿ. ಅವನ ಮನೆಯಲ್ಲಿ ಕುಂಡದಲ್ಲೊಂದು ದಪ್ಪ ಎಲೆಯ ಗಿಡ. ಎಲೆ ನೇರಳೆ, ಅಂಚು ಕೆಂಪು. ತೀರಿಹೋದ ಮಗಳು ನೆಟ್ಟದ್ದು. ಅವಳದು ಅಂತ ಉಳಿದದ್ದು ಅದೊಂದೇ. ಕಾಶಿಗೆ ಹೊರಟಾಗ ಅದನ್ನು ಪಕ್ಕದ ಮನೆಯ ವೀಳ್ಯದೆಲೆ ತೋಟದವನಿಗೆ ಒಪ್ಪಿಸಿದ. "ಬಿಸಿಲಲ್ಲಿಡು. ಹದಿನೈದು ದಿನಕ್ಕೊಮ್ಮೆ ನೀರು. ಮಿಕ್ಕಂತೆ ಅದರ ಪಾಡಿಗೆ ಬಿಡು" ಎಂದ.

ಎಲೆಬಳ್ಳಿ ಬೆಳೆಸಿದವನಿಗೆ ಬಿಡುವುದು ಬರುತ್ತದೆಯೇ? ಬಳ್ಳಿಗೆ ಬೆಳಿಗ್ಗೆ ನೀರು, ಸಂಜೆ ನೀರು, ಮೇಲೆ ನೆರಳು. ಎಲೆ ಬಣ್ಣ ತಿರುಗಿದರೆ ರೋಗ ಎಂದೇ ಅವನ ಲೆಕ್ಕ. ಆ ಕೆಂಪು ಕಂಡು ಹೆದರಿದ, ಪಾಪ. ಕುಂಡವನ್ನು ನೆರಳಿಗೆ ತಂದು ದಿನವೂ ನೀರು ಹಾಕಿದ. ಬಣ್ಣವೆಲ್ಲ ಹೋಗಿ ಗಿಡ ಹಸಿರಾಯಿತು. ಗುಣವಾಯಿತೆಂದು ಹಿಗ್ಗಿದ, ಮಹರಾಯ. ಆಮೇಲೆ ಎಲೆ ಸುಕ್ಕಾಯಿತು. ಬಾಯಾರಿದೆ ಎಂದು ಇನ್ನೊಂದು ಚೊಂಬು ಸುರಿದ. ಬೇರು ಕೊಳೆತರೂ ಎಲೆ ಸುಕ್ಕಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಇಪ್ಪತ್ತು ದಿನದಲ್ಲಿ ಬರುತ್ತೇನೆಂದು ವ್ಯಾಪಾರಿಯ ಕಾಗದ ಬಂದ ದಿನ, ಮುಟ್ಟಿದ ಎಲೆ ಕೈಗೇ ಬಂತು. ಬುಡ ಕಪ್ಪಾಗಿತ್ತು. ತುದಿಯಲ್ಲಿ ಬೆರಳುದ್ದ ಮಾತ್ರ ಗಟ್ಟಿ ಇತ್ತು. ತೋಟದವನು ಹೆಂಡತಿಯನ್ನು ಕೂಗಿದ. ಅವಳು ಆ ತುದಿಯನ್ನು ಕತ್ತರಿಸಿ, ಗಾಯ ಆರಿಸಿ, ಒಣ ಮರಳಿನ ಮೇಲಿಟ್ಟಳು. "ಬೇರು ಬಿಡುವತನಕ ಒಂದು ಹನಿ ಹಾಕಿದರೂ ಇದೂ ಹೋಯಿತು" ಎಂದಳು.

ತುದಿ ದಿನದಿನಕ್ಕೆ ಸೊರಗಿತು. ಅವನು ಚೊಂಬು ತುಂಬಿ ತರುವನು, ಕುಂಡದ ಮುಂದೆ ನಿಲ್ಲುವನು, ಹಾಗೇ ಹಿಂದಕ್ಕೆ ಒಯ್ಯುವನು. ಹನ್ನೆರಡನೆಯ ದಿನ ತಡೆಯಲಾಗಲಿಲ್ಲ. ಚೊಂಬು ಬಾಗಿಸಿಯೇಬಿಟ್ಟ. ಕೊನೆಯ ಗಳಿಗೆಯಲ್ಲಿ ನೀರನ್ನು ತನ್ನ ಕಾಲಿನ ಮೇಲೆ ಸುರಿದುಕೊಂಡು ಅತ್ತ.

ವ್ಯಾಪಾರಿ ಬಂದ. ನಡೆದದ್ದೆಲ್ಲ ಕೇಳಿದ. ಆ ತುದಿಯನ್ನು ಮೆಲ್ಲನೆ ಎತ್ತಿದ. ಅಡಿಯಲ್ಲಿ ನೂಲಿನಂಥ ಒಂದು ಬೇರು.

"ಇಷ್ಟು ದಿನ ಇದಕ್ಕೆ ಏನು ಮಾಡಿದೆ?" ಎಂದ.

"ಏನೂ ಮಾಡಲಿಲ್ಲ ಸ್ವಾಮಿ" ಎಂದ ತೋಟದವನು. "ನಲವತ್ತು ವರ್ಷ ತೋಟ ಮಾಡಿದ್ದೇನೆ, ಇಷ್ಟು ದಣಿದದ್ದಿಲ್ಲ."

ಗುರುಗಳು ಶಿಷ್ಯನ ಮುಖವನ್ನೇ ನೋಡಿದರು.

"ನಾಳೆ ಎಳೆ ಕಡಿದು ನಿನ್ನ ತಮ್ಮನ ಮಗ್ಗ ನಿಂತರೆ, ಹೊಸಿಲಾಚೆ ಸುಮ್ಮನೆ ನಿಲ್ಲಬಲ್ಲೆಯಾ?"