ತಪಾಸಣೆಗೆ ಸಿಕ್ಕ ಉಂಡಿ ಡಬ್ಬಿ

ಹವಾಲ್ದಾರ ಬಾಳಪ್ಪ ರಜೆ ಮುಗಿಸಿ ಗಡಿಗೆ ಹೊರಟಿದ್ದ. ಚೀಲದಲ್ಲಿ ಒಂದು ಡಬ್ಬಿ ತುಪ್ಪ-ಬೆಲ್ಲದ ಅಂಟಿನ ಉಂಡಿ. ಗಡಿಯಲ್ಲೇ ಇದ್ದ ಜೊತೆಗಾರ ಮಹಾಂತೇಶನಿಗೆ ರಜೆ ಸಿಕ್ಕಿರಲಿಲ್ಲ. ಅವನ ತಾಯಿ ಬಸ್ಸು ಹಿಡಿದು ಬಂದು, "ನನ್ನ ಮಗನ ಕೈಗೇ ಮುಟ್ಟಿಸಪಾ" ಎಂದು ಕೊಟ್ಟಿದ್ದಳು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಧಿಕಾರಿ ಡಬ್ಬಿ ತೆರೆಸಿದ. ತುಪ್ಪದ ವಾಸನೆಗೆ ಅವನ ಮೂಗು ಅರಳಿತು.

"ಮಷಿನ್‌ನ್ಯಾಗ ಬಾಂಬಿನಂಗ ಕಾಣಾಕತ್ತಾವ. ನನಗ ಅನುಮಾನ ಐತಿ. ಡಬ್ಬಿ ಇಲ್ಲೇ ಬಿಡು, ಇಲ್ಲಾಂದ್ರ ವಿಮಾನ ಬಿಡು," ಎಂದ.

ವಿಮಾನ ತಪ್ಪಿದರೆ ಹಾಜರಿ ತಪ್ಪುತ್ತದೆ. ಡಬ್ಬಿ ಬಿಟ್ಟರೆ ಆ ತಾಯಿಗೆ ಮುಖ ತೋರಿಸುವುದು ಹೇಗೆ? ಬಾಳಪ್ಪ ಸೆಟೆದು ನಿಂತು ಸೆಲ್ಯೂಟ್ ಹೊಡೆದ.

"ಅನುಮಾನ ಬಂದ್ರ ಮುಟ್ಟಬಾರದ್ರಿ ಸಾಹೇಬ್ರ. ಹಿಂದ ಸರೀರಿ. ಮಂದೀನ್ನ ಹೊರಗ ಕಳಸ್ರಿ, ಬಾಂಬ್ ದಳದವರನ್ನ ಕರಸ್ರಿ. ಅವರು ಬರೂತನಕ ನಾ ಕಾವಲು ನಿಂದರ್ತೀನಿ."

ಸಾಲಿನಲ್ಲಿದ್ದವರು ದಡಬಡನೆ ಹಿಂದೆ ಸರಿದರು. ಅಧಿಕಾರಿ ಬೆವೆತ. ದಳ ಬಂದು ಉಂಡಿ ಕಂಡರೆ ಮೇಲಿನವರು ಸುಮ್ಮನೆ ಬಿಟ್ಟಾರೆಯೇ?

"ಏ, ಬಾಂಬಲ್ಲೋ ಮಾರಾಯಾ, ಉಂಡಿ!" ಎಂದು ಕೂಗಿದ.

"ಖಾತ್ರಿ ಏನ್ರಿ?"

"ಖಾತ್ರಿ! ಉಂಡೀನ!"

"ಹಂಗಾರ ಒಯ್ತೀನ್ರಿ," ಎಂದು ಬಾಳಪ್ಪ ಡಬ್ಬಿ ಮುಚ್ಚಿ ಹೊರಟ.

ಗಡಿಯ ಚಳಿಯಲ್ಲಿ ಮಹಾಂತೇಶ ಒಂದು ಉಂಡಿ ಬಾಯಿಗಿಟ್ಟು ಕಣ್ಣು ಮುಚ್ಚಿ ಮೆಲ್ಲಗೆ ಅಗಿದ. ಆಮೇಲೆ, "ಅವ್ವ ಬೆಲ್ಲ ಜಾಸ್ತಿ ಹಾಕ್ಯಾಳ," ಎಂದ.