ಏಳನೆಯ ಎಲೆ

ನೇಮಣ್ಣ ಸೆಟ್ಟಿ ಕರಾವಳಿಯ ಒಬ್ಬ ಮೆಣಸಿನ ವ್ಯಾಪಾರಿ. ಒಂಬತ್ತು ವರ್ಷ ಕಡಲಾಚೆ ವ್ಯಾಪಾರ ಮಾಡಿ, ಹತ್ತು ಕುದುರೆಗಳನ್ನು ಹಡಗಿಗೆ ಹತ್ತಿಸಿಕೊಂಡು ಊರಿಗೆ ಹೊರಟಿದ್ದ. ದಾರಿಯುದ್ದಕ್ಕೂ ಅವನಿಗೆ ಒಂದೇ ಕೆಲಸ. ಊರಿಗೆ ಹೋಗಿ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುವುದು. ಎಷ್ಟು ಬಂದರು ನೋಡಿದೆ, ಯಾವ ದೊರೆಯ ಎದುರು ಕೂತೆ, ಎಂಥ ಬಿರುಗಾಳಿಯಲ್ಲಿ ಬದುಕಿ ಬಂದೆ. ಒಂದನ್ನೂ ಮರೆತಿಲ್ಲ ಎಂದು ಅವನಿಗೆ ಭಾರೀ ಹೆಮ್ಮೆ.

ಅವನ ಊರಿನಲ್ಲಿ ಒಂದು ಪದ್ಧತಿ ಇತ್ತು. ಹಡಗು ಹತ್ತಿ ಹೋದವರು ತಿರುಗಿ ಬಂದರೆ, ಮಾರನೆಯ ದಿನ ಅವರ ಮನೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಕುತ್ತಿದ್ದರು. ಪರದೇಶದಲ್ಲಿ ಅನ್ನ ಹಾಕಿದ ಒಬ್ಬೊಬ್ಬರಿಗೆ ಒಂದೊಂದು ಎಲೆ. ಬಂದವನು ಅವರ ಹೆಸರು ಕೂಗಿ ಹೇಳಬೇಕು. ಆ ಎಲೆಯ ಮುಂದೆ ದಾರಿಹೋಕನೊಬ್ಬ ಕೂತು ಹೊಟ್ಟೆ ತುಂಬ ಉಣ್ಣಬೇಕು. ಅಲ್ಲಿ ಉಂಡದ್ದನ್ನು ಇಲ್ಲಿ ಬಡಿಸುವುದು, ಅಷ್ಟೇ.

ಊರು ಮುಟ್ಟಿದ ಮಾರನೆಯ ದಿನ ನೇಮಣ್ಣ ಎದ್ದು ನಿಂತು ಜೋರಾಗಿ ಆರು ಹೆಸರು ಕೂಗಿದ. ಒಬ್ಬ ಬಂದರಿನ ಅಧಿಕಾರಿ, ಇಬ್ಬರು ಸಾಹುಕಾರರು, ಹೀಗೇ ಎಲ್ಲರೂ ದೊಡ್ಡವರು. ಊರಿನವರು ತಲೆದೂಗಿದರು. ಆದರೆ ಅವನ ತಾಯಿ ದೇಯಕ್ಕ ಇನ್ನೊಂದು ಎಲೆ ತಂದು ಹಾಸಿದಳು.

"ಮಗಾ, ನೀನು ಜ್ವರ ಬಂದು ಎರಡು ತಿಂಗಳು ಮಲಗಿದ್ದೆ ಅಂತ ಹಿಂದೆ ಬಂದ ಹಡಗಿನವರು ಹೇಳಿದ್ದರು. ನಾನು ಇಲ್ಲಿ ಅತ್ತು ಅತ್ತು ಸಾಕಾಗಿದ್ದೆ. ಆಗ ನಿನಗೆ ಅನ್ನ ಹಾಕಿದವರು ಯಾರು?"

"ಬಂದರಿನ ಲಾಯದ ಹಿಂದೆ ಒಬ್ಬ ಮುದುಕಿ ಇದ್ದಳಮ್ಮ," ಅಂದ ನೇಮಣ್ಣ. "ಕುದುರೆಗೆ ಹುಲ್ಲು ಹಾಕುವವಳು. ದಿನಾ ಗಂಜಿ ಕುಡಿಸಿದಳು. ಮನೆಯಲ್ಲಿ ಇದ್ದದ್ದು ಒಂದೇ ಚಾಪೆ. ಅದನ್ನು ನನಗೆ ಹಾಸಿ ತಾನು ಬರೀ ನೆಲದ ಮೇಲೆ ಮಲಗುತ್ತಿದ್ದಳು."

ದೇಯಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆ ತಾಯಿಯ ಹೆಸರೇನು?"

ನೇಮಣ್ಣ ಬಾಯಿ ತೆರೆದ. ಹೆಸರು ಬರಲಿಲ್ಲ. ಬರುವುದಾದರೂ ಎಲ್ಲಿಂದ? ಎರಡು ತಿಂಗಳು ಅವಳ ಕೈಯ ಗಂಜಿ ಕುಡಿದ ಪುಣ್ಯಾತ್ಮ ಒಂದು ದಿನವೂ ಹೆಸರು ಕೇಳಿರಲಿಲ್ಲ. ಮೈ ಗುಣವಾದ ಕೂಡಲೇ ವ್ಯಾಪಾರದ ಗಡಿಬಿಡಿಯಲ್ಲಿ ಎದ್ದು ಬಂದುಬಿಟ್ಟಿದ್ದ.

ಗೊತ್ತಿಲ್ಲಮ್ಮ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಊರಿಗೆ ಊರೇ ಅವನ ಮುಖ ನೋಡುತ್ತಿತ್ತಲ್ಲ. "ಸಿರಾನಿ," ಅಂದುಬಿಟ್ಟ.

ಅದು ಯಾರ ಹೆಸರು ಗೊತ್ತೇ ಮಕ್ಕಳೇ? ಅದೇ ಲಾಯದಲ್ಲಿದ್ದ ಒಂದು ಕೆಂಪು ಹೆಣ್ಣು ಕುದುರೆಯದು. ಮೂರು ದಿನ ಚೌಕಾಸಿ ಮಾಡಿದರೂ ಅವನ ಕೈಗೆ ಸಿಕ್ಕಿರಲಿಲ್ಲ. ಕುದುರೆಯ ಹೆಸರು ನೆನಪಿತ್ತು ಮಹಾರಾಯನಿಗೆ. ಹೇಳುವುದಕ್ಕೆ ನನಗೇ ನಾಚಿಕೆ.

ದೇಯಕ್ಕ ಆ ಹೆಸರನ್ನು ಕೂಗಿ ಏಳನೆಯ ಎಲೆಗೆ ತಾನೇ ಬಡಿಸಿದಳು. ಅಂದಿನಿಂದ ದಿನಾ ದೀಪ ಹಚ್ಚುವಾಗ, "ಸಿರಾನಿಯಮ್ಮ ಚೆನ್ನಾಗಿರಲಿ," ಎಂದು ಕೈ ಮುಗಿಯತೊಡಗಿದಳು. ಮರುವರ್ಷ ನೇಮಣ್ಣನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ದೇಯಕ್ಕ ಮಗುವಿನ ಕಿವಿಯಲ್ಲಿ ಸಿರಾನಿ ಎಂದೇ ಹೇಳಿದಳು. ನೆಂಟರು ಮೂಗು ಮುರಿದರು. ಇದೆಂಥ ಹೆಸರು, ಕೇಳಿಲ್ಲ ಕಂಡಿಲ್ಲ ಅಂದರು.

"ನನ್ನ ಮಗನ ಜೀವ ಉಳಿಸಿದವಳ ಹೆಸರು," ಅಂದಳು ದೇಯಕ್ಕ. ಎಲ್ಲರೂ ಸುಮ್ಮನಾದರು. ನೇಮಣ್ಣನೂ ಸುಮ್ಮನಿದ್ದ.

ಮಗು ಬೆಳೆಯಿತು. ಸಿರಾನಿ ಬಾ, ಸಿರಾನಿ ಉಣ್ಣು, ಸಿರಾನಿ ಎಲ್ಲಿ ಹೋದಳು. ದಿನಕ್ಕೆ ನೂರು ಸಲ ಆ ಹೆಸರು. ಪ್ರತಿ ಸಲವೂ ನೇಮಣ್ಣನಿಗೆ ಆ ಕೆಂಪು ಕುದುರೆ ನೆನಪಾಗುತ್ತಿತ್ತು. ಹೇಳಿಬಿಡೋಣ ಅನ್ನಿಸುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಎದ್ದು ಹೋಗುತ್ತಿದ್ದ.

ಮಗುವಿಗೆ ಐದು ತುಂಬುವ ಹೊತ್ತಿಗೆ ದೇಯಕ್ಕ ಒಂದು ಚಾಪೆ ಹೆಣೆಯಲು ಕೂತಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಬೆರಳಿನಲ್ಲಿ ಮುಟ್ಟಿ ನೋಡಿ ನೋಡಿ, ಒಂದು ಎಳೆ ತಪ್ಪಿದರೂ ಬಿಚ್ಚಿ, ಮತ್ತೆ ಹೆಣೆದಳು. ಇಡೀ ಮಳೆಗಾಲ ಅದರಲ್ಲೇ ಹೋಯಿತು. ಕಡಲು ತಣ್ಣಗಾಗಿ ಹಡಗುಗಳು ಹೊರಡುವ ಕಾಲ ಬಂದಾಗ ಚಾಪೆಯನ್ನು ಸುತ್ತಿ, ಮಗನ ಜೊತೆ ದಕ್ಕೆಗೆ ಹೋದಳು. ಮೊಮ್ಮಗಳೂ ಜೊತೆಗಿದ್ದಳು.

ಹಡಗಿನ ಯಜಮಾನ ಅದೇ ಬಂದರಿಗೆ ಹೊರಟವನು. "ಯಾರಿಗೆ ಕೊಡಬೇಕು ದೇಯಕ್ಕ?" ಎಂದು ಕೇಳಿದ.

"ಲಾಯದ ಹಿಂದೆ ಸಿರಾನಿ ಅಂತ ಒಬ್ಬಳಿದ್ದಾಳೆ. ಅವಳಿಗೆ ಕೊಡಿ. ಇನ್ನು ನೆಲದ ಮೇಲೆ ಮಲಗಬೇಡ, ನೇಮಣ್ಣನ ತಾಯಿ ಕಳಿಸಿದ್ದು ಅನ್ನಿ. ನಾನು ಸಾಯುವ ಮೊದಲು ಅವಳಿಗೆ ಇದು ಮುಟ್ಟಬೇಕು ಯಜಮಾನರೇ."

ಯಜಮಾನ ಚಾಪೆಯನ್ನು ತೆಗೆದುಕೊಂಡ. ಅದು ಯಾರಿಗೂ ಮುಟ್ಟುವುದಿಲ್ಲ ಎಂದು ನೇಮಣ್ಣನಿಗೆ ಗೊತ್ತಿತ್ತು. ದಕ್ಕೆಯ ಜನರೆಲ್ಲರ ಮುಂದೆ ತಾಯಿಯ ಕಾಲಬುಡದಲ್ಲಿ ಕುಸಿದು ಕೂತ.

"ಕಳಿಸಬೇಡಮ್ಮ. ನನಗೆ ಅವಳ ಹೆಸರು ಗೊತ್ತಿಲ್ಲ. ನಾನು ಕೇಳಲೇ ಇಲ್ಲ. ಆ ಲಾಯದ ಹಿಂದೆ ಹುಲ್ಲು ಹಾಕುವ ಮುದುಕಿಯರು ಹತ್ತಾರು ಮಂದಿ, ಹೆಸರಿಲ್ಲದೆ ಹುಡುಕುವುದು ಹೇಗೆ. ಸಿರಾನಿ ಅನ್ನುವುದು ಒಂದು ಕುದುರೆಯ ಹೆಸರು."

ದೇಯಕ್ಕ ಮೆಲ್ಲಗೆ ಕೇಳಿದಳು. "ಅವಳು ನಿನ್ನನ್ನು ಏನಂತ ಕರೆಯುತ್ತಿದ್ದಳು?"

ನೇಮಣ್ಣನಿಗೆ ದುಃಖ ತಡೆಯಲಾಗಲಿಲ್ಲ. "ನೇಮಣ್ಣ ಅಂತಲೇ ಅಮ್ಮ. ಮೊದಲನೆಯ ದಿನವೇ ಕೇಳಿದ್ದಳು. ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಮತ್ತೆ ಮತ್ತೆ ಕೇಳಿ ಕಲಿತುಕೊಂಡಳು."

ದೇಯಕ್ಕ ಯಜಮಾನನ ಕೈಯಿಂದ ಚಾಪೆಯನ್ನು ವಾಪಸು ತೆಗೆದುಕೊಂಡಳು. ಹಡಗು ಹೊರಟುಹೋಯಿತು.

"ಮಗುವಿನ ಹೆಸರು ಬದಲಾಯಿಸೋಣವೇ ಅಮ್ಮ?" ಎಂದು ಕೇಳಿದ ನೇಮಣ್ಣ, ತಲೆ ಎತ್ತದೆ.

"ಬೇಡ. ಅದು ಈಗ ಮಗುವಿನ ಹೆಸರು. ಅವಳು ಏನು ತಪ್ಪು ಮಾಡಿದಳು?" ಅಂದಳು ದೇಯಕ್ಕ. "ಅವಳನ್ನು ಕರೆದಾಗಲೆಲ್ಲ ನೀನೂ ಕೇಳಿಸಿಕೊ."

ಆ ಚಾಪೆಯನ್ನು ಆಕೆ ಮನೆಯ ಜಗಲಿಯಲ್ಲಿ ಹಾಸಿದಳು. ದಾರಿಹೋಕರು ಅದರ ಮೇಲೆ ಮಲಗಿ ಎದ್ದು ಹೋಗುತ್ತಿದ್ದರು. ನೇಮಣ್ಣ ಮಾತ್ರ ಬದುಕಿರುವವರೆಗೂ ಅದರ ಮೇಲೆ ಕೂರಲಿಲ್ಲ. ಬಂದವರಿಗೆ ನೀರು ಕೊಡುವ ಮೊದಲು ಹೆಸರು ಕೇಳುತ್ತಿದ್ದ. ಒಳಗಿನಿಂದ ಯಾರಾದರೂ "ಸಿರಾನೀ" ಎಂದು ಕೂಗಿದರೆ ಮಗಳು "ಓ" ಅನ್ನುತ್ತಿದ್ದಳು. ಅಪ್ಪ ತಲೆ ತಗ್ಗಿಸುತ್ತಿದ್ದ.

ನೀತಿ: ದೂರದೇಶದಿಂದ ಏನೇನು ತಂದೆ ಎಂದು ಲೆಕ್ಕ ಹಾಕುವ ಮೊದಲು, ಅಲ್ಲಿ ನಮ್ಮನ್ನು ಉಳಿಸಿದವರ ಹೆಸರು ನಮಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಆ ನಾಚಿಕೆ ಒಂದು ದಿನದ್ದು. ಸುಳ್ಳು ಹೇಳಿ ಮುಚ್ಚಿಟ್ಟ ನಾಚಿಕೆ ಮನೆಯಲ್ಲೇ ಬೆಳೆಯುತ್ತದೆ.